ಕಚಿನಾ ಗೊಂಬೆ ಕೈಗೆ ಬಂದರೆ ಮೊದಲು ಬುಡ ನೋಡಿ

ಸಾಗರದಲ್ಲಿ ನಮ್ಮದು ಗುಡಿಗಾರರ ಮನೆ. ಅಪ್ಪ ಗಂಧ ಕೆತ್ತುತ್ತಿದ್ದರು. ಮದುವೆ ಕಾಲ ಬಂತೆಂದರೆ ಅಜ್ಜ ಬೆಂಡಿನ ಬಾಸಿಂಗಕ್ಕೆ ಕೂರುತ್ತಿದ್ದರು. ನಾನು ಉಳಿ ಹಿಡಿದು ನಲವತ್ತು ವರ್ಷ ದಾಟಿತು. ಮರದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಅಂತ ಒಂದು ಜಂಬ ಇತ್ತು. ಆ ಜಂಬ ಇಳಿದಿದ್ದು ಅಮೆರಿಕದ ಅರಿಜೋನಾದಲ್ಲಿ, ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ.

ಮಗಳ ಬಾಣಂತನಕ್ಕೆ ನಾನೂ ಹೆಂಡತಿಯೂ ಫೀನಿಕ್ಸ್‌ಗೆ ಹೋಗಿದ್ದೆವು. ಒಂದು ಭಾನುವಾರ ಅಳಿಯ ಸುತ್ತಾಡಿಸಲು ಕರೆದುಕೊಂಡು ಹೊರಟ. ಅಂಗಡಿಯ ಕಪಾಟಿನಲ್ಲಿ ಒಂದು ಗೊಂಬೆ, ಒಂದು ಮೊಳ ಎತ್ತರ. ಮೊಲದ ತುಪ್ಪಳ, ಬಣ್ಣದ ಗರಿ, ಚರ್ಮದ ಪಟ್ಟಿ, ಮಣಿ, ತಲೆಗೆ ಕೊಂಬು. ಒಂದು ಕಾಲೆತ್ತಿ ಕುಣಿಯುವ ಭಂಗಿ. ಇದು ಹೋಪಿ ಜನರ ಕಚಿನಾ, ಪೂಜೆಯ ಗೊಂಬೆ ಅಂದ ಅಂಗಡಿಯವನು. ಕೊಟ್ಟೆ ದುಡ್ಡು. ಎಷ್ಟು ಅಂತ ಹೆಂಡತಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ.

ಅವನ ಆ ಒಂದು ವಾಕ್ಯದಲ್ಲಿ ಎರಡು ತಪ್ಪಂತೂ ಇತ್ತು. ಗೊಂಬೆ ಹೋಪಿಯವರದ್ದಾಗಿರಲಿಲ್ಲ. ಪೂಜೆಯದ್ದೂ ಆಗಿರಲಿಲ್ಲ. ಮನೆಗೆ ಬಂದು ಬುಡ ತಿರುಗಿಸಿದೆ. ಕೆತ್ತಿದವನ ಹೆಸರಿತ್ತು, ಪಕ್ಕದಲ್ಲೇ ‘ನವಾಹೊ’ ಅಂತ ಬರೆದಿತ್ತು. ಹೋಪಿಗಳಂತೆ ಅವರೂ ಅಲ್ಲಿನ ಮೂಲನಿವಾಸಿಗಳು, ಆದರೆ ಬೇರೆ ಬುಡಕಟ್ಟು. ಪಾಪ, ಕೆತ್ತಿದವನು ಏನೂ ಮುಚ್ಚಿಟ್ಟಿರಲಿಲ್ಲ. ಬುಡ ನೋಡದೆ ದುಡ್ಡು ಬಿಚ್ಚಿದವನು ನಾನು.

ಈಗ ನಮ್ಮ ಕಡೆ ಮನೆಗೊಬ್ಬರಾದರೂ ಅಮೆರಿಕದಲ್ಲಿದ್ದಾರೆ. ಬರುವಾಗ ಇಂಥದ್ದೇನಾದರೂ ತರುತ್ತಾರೆ, ಅದು ಟಿವಿ ಪಕ್ಕ ಕೂರುತ್ತದೆ. ಹಾಗೆ ಬಂದ ಗೊಂಬೆಯನ್ನು ಹೇಗೆ ನೋಡಬೇಕು, ಎಲ್ಲಿ ಇಡಬೇಕು, ಕೊಳ್ಳುವುದಾದರೆ ಏನು ಕೇಳಬೇಕು ಅಂತ ನಾನು ಕಲಿತಷ್ಟನ್ನು ಬರೆದಿದ್ದೇನೆ.

ಹೆಸರು ಒಂದು, ಅರ್ಥ ಮೂರು

‘ಕಚಿನಾ’ ಹೊರಗಿನವರ ಬಾಯಲ್ಲಿ ತಿರುಚಿಕೊಂಡ ಮಾತು. ಹೋಪಿ ಭಾಷೆಯಲ್ಲಿ ಆ ‘ಚ’ ಇಲ್ಲ, ಅವರು ಹೇಳುವುದು ‘ಕಟ್ಸಿನಾ’. ಹೊರಗಿನವರು ಈ ಒಂದೇ ಹೆಸರಲ್ಲಿ ಮೂರು ಸಂಗತಿಗಳನ್ನು ಕರೆಯುತ್ತಾರೆ. ಒಂದು, ಮಳೆ, ಮೋಡ, ಬೆಳೆ, ಪ್ರಾಣಿ, ಸತ್ತ ಹಿರಿಯರು ಎಲ್ಲದರಲ್ಲೂ ಇರುವ ಕಣ್ಣಿಗೆ ಕಾಣದ ಶಕ್ತಿ. ಎರಡು, ಊರಿನ ಅಂಗಳದಲ್ಲಿ ಮೊಗ, ಅಂದರೆ ಮುಖವಾಡ, ತೊಟ್ಟು ಕುಣಿಯುವಾಗ ಆ ಶಕ್ತಿ ತಾಳುವ ರೂಪ. ಮೂರು, ಮರದ ಗೊಂಬೆ. ಗೊಂಬೆಗೆ ಹೋಪಿಯಲ್ಲಿ ಬೇರೆಯೇ ಹೆಸರಿದೆ: ತಿಹು. ಎರಡನೆಯದರ ಬಗ್ಗೆ ಹೋಪಿಗಳು ಮಕ್ಕಳ ಎದುರು ಮಾತಾಡುವುದಿಲ್ಲ. ನಾನೂ ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ನಮ್ಮವರಿಗೆ ಇದು ಅರ್ಥವಾಗುವುದು ಕಷ್ಟವೇನಲ್ಲ. ಭೂತದ ಕೋಲ ನೋಡಿದವರಿಗೆ ದೈವ ಬೇರೆ, ಕಟ್ಟಿದವನು ಬೇರೆ, ಭಂಡಾರದ ಮೊಗ ಬೇರೆ ಅಂತ ಗೊತ್ತು. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ನಮ್ಮ ದೈವ ನುಡಿ ಕೊಡುತ್ತದೆ, ನ್ಯಾಯ ಹೇಳುತ್ತದೆ. ಕಟ್ಸಿನಾಗಳು ಹೆಚ್ಚಾಗಿ ಮಾತಾಡುವುದಿಲ್ಲ. ಹಾಡುತ್ತವೆ, ಕುಣಿಯುತ್ತವೆ, ಮಕ್ಕಳಿಗೆ ಕೊಡುಗೆ ಕೊಡುತ್ತವೆ, ಜನರ ಬೇಡಿಕೆ ಹೊತ್ತುಕೊಂಡು ಹೋಗುತ್ತವೆ.

ಬೇಡಿಕೆ ಏನು? ಮಳೆ. ಹೋಪಿಗಳ ಊರುಗಳಿರುವುದು ಅರಿಜೋನಾದ ಈಶಾನ್ಯ ಭಾಗದಲ್ಲಿ, ಮೂರು ಚಪ್ಪಟೆ ತಲೆಯ ಕಲ್ಲುಗುಡ್ಡಗಳ ಮೇಲೆ ಮತ್ತು ಬುಡದಲ್ಲಿ. ಒರೈಬಿ ಅನ್ನುವ ಊರಿನಲ್ಲಿ ಸುಮಾರು 1100ನೇ ಇಸವಿಯಿಂದ ಬಿಡದೆ ಜನ ಇದ್ದಾರೆ. ಅಂದರೆ ನಮ್ಮ ಬಳ್ಳಿಗಾವಿ ಚಾಲುಕ್ಯರ ಕಾಲದಲ್ಲಿ ಮೆರೆಯುತ್ತಿದ್ದಾಗಲೂ ಅಲ್ಲಿ ಒಲೆ ಉರಿಯುತ್ತಿತ್ತು. ಹೊಳೆ ಇಲ್ಲ, ಕಾಲುವೆ ಇಲ್ಲ. ವರ್ಷವಿಡೀ ಸುರಿದರೂ 250 ಮಿಲಿಮೀಟರ್ ದಾಟುವುದು ಕಷ್ಟ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಜೋರು ದಿನದಲ್ಲೇ ಅಷ್ಟು ಬಿದ್ದುಬಿಡುತ್ತದೆ. ಆ ಒಣ ಮರಳಿನಲ್ಲಿ ಮೊನೆಯಿರುವ ಕೋಲಿನಿಂದ ಆಳದ ಗುಳಿ ತೋಡಿ, ತೇವ ಸಿಗುವಲ್ಲಿ ಜೋಳದ ಬೀಜ ಹಾಕುತ್ತಾರೆ. ನಾವು ಮುಸುಕಿನ ಜೋಳ ಅನ್ನುತ್ತೇವಲ್ಲ, ಅದರಲ್ಲಿ ನೀಲಿ, ಬಿಳಿ, ಕೆಂಪು ಎಲ್ಲ ಇವೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಗೊಂಬೆ ನೋಡಿ. ಅದರ ಮೈಮೇಲಿನ ಗೆರೆ, ಬೊಟ್ಟು, ಮೆಟ್ಟಿಲು ಮೆಟ್ಟಿಲಿನ ಚಿತ್ರ ಎಲ್ಲ ಎಲ್ಲಿಂದ ಬಂತು ಅಂತ ಹೊಳೆಯುತ್ತದೆ.

ಒಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಅಲ್ಲಿ ‘ಪೀಕಿ’ ಅಂತ ಒಂದು ತಿಂಡಿ ಇದೆ. ನೀಲಿ ಜೋಳದ ಹಿಟ್ಟನ್ನು ನೀರಾಗಿ ಕಲಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲಿ ಬಳಿದು, ಕಾಗದದಂತೆ ಎಬ್ಬಿಸಿ ಸುರುಳಿ ಮಾಡುತ್ತಾರೆ. ನನ್ನ ಹೆಂಡತಿ ಅದನ್ನು ನೋಡಿದವಳೇ ‘ತೊಡದೇವು!’ ಅಂತ ಕೂಗಿದಳು. ಮಡಕೆ ಬೋರಲು ಹಾಕಿ ಕಬ್ಬಿನ ಹಾಲಿನ ಹಿಟ್ಟು ಬಳಿಯುವುದು ಕಣ್ಣಿಗೆ ಬಂತಂತೆ. ಸಿಹಿ ಮಾತ್ರ ಇಲ್ಲ.

ಗೊಂಬೆಯ ಕೆಲಸ ಏನು

ಗೊಂಬೆ ಪೂಜೆಗಲ್ಲ. ಆಟಕ್ಕೂ ಅಲ್ಲ. ಅದು ಹೆಣ್ಣುಮಗುವಿಗೆ ಸಿಗುವ ಕೊಡುಗೆ.

ಚಳಿಗಾಲದ ನಡು, ಅಂದರೆ ಡಿಸೆಂಬರ್ ಕೊನೆಯ ಹೊತ್ತಿನಿಂದ ಜುಲೈವರೆಗೆ ಕಟ್ಸಿನಾಗಳು ಊರಿನಲ್ಲಿರುವ ಕಾಲ. ಉಳಿದ ಅರ್ಧ ವರ್ಷ ಫ್ಲ್ಯಾಗ್‌ಸ್ಟಾಫ್ ಅನ್ನುವ ಊರಿನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಪರ್ವತದ ಮೇಲೆ ಇರುತ್ತವೆ ಅಂತ ನಂಬಿಕೆ. 3,851 ಮೀಟರ್ ಎತ್ತರದ ಆ ಬೆಟ್ಟದ ತುದಿಗೆ ಹಿಮ ಕೂರುತ್ತದೆ, ಮೋಡ ಕಟ್ಟುತ್ತದೆ. ಮೋಡ ಕಟ್ಟುವ ಜಾಗವೇ ಅವುಗಳ ಮನೆ. ಕೊಡಚಾದ್ರಿ ಕಡೆ ಕಪ್ಪಾದರೆ ನಾವು ಹಾಸಿದ ಅಡಿಕೆ ಎತ್ತಲು ಓಡುವುದಿಲ್ಲವೇ, ಅಲ್ಲಿನವರು ಆ ಬೆಟ್ಟದ ಕಡೆ ನೋಡಿ ನಿಲ್ಲುತ್ತಾರೆ.

ಫೆಬ್ರವರಿಯಲ್ಲಿ ಪೊವಾಮು ಅನ್ನುವ ಹಬ್ಬ. ನೆಲದೊಳಗಿನ ಕೋಣೆಗಳಲ್ಲಿ, ಅವಕ್ಕೆ ‘ಕೀವಾ’ ಅನ್ನುತ್ತಾರೆ, ಬೆಂಕಿಯ ಬೆಚ್ಚಗೆ ಇಟ್ಟು ಹುರುಳಿಯ ಜಾತಿಯ ಕಾಳನ್ನು ಮೊಳಕೆ ಬರಿಸುತ್ತಾರೆ. ಹೊರಗೆ ಹಿಮ, ಒಳಗೆ ಹಸಿರು. ನಮ್ಮ ಮದುವೆ ಮನೆಯ ಅಂಕುರಾರ್ಪಣೆ ನೆನಪಾಗುತ್ತದೆ, ಅಲ್ವಾ? ಜುಲೈಯಲ್ಲಿ ನಿಮಾನ್, ಅಂದರೆ ಕಟ್ಸಿನಾಗಳು ಮನೆಗೆ ಹಿಂತಿರುಗುವ ಹಬ್ಬ. ಈ ಎರಡು ಹಬ್ಬಗಳಲ್ಲೇ ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಗೊಂಬೆ ಸಿಗುವುದು. ಗಂಡುಹುಡುಗರಿಗೆ ಪುಟ್ಟ ಬಿಲ್ಲು ಬಾಣ, ಗಿಲಕಿ.

ಗೊಂಬೆಯನ್ನು ಮನೆಯ ಗೋಡೆಗೋ ಜಂತಿಗೋ ನೇತು ಹಾಕುತ್ತಾರೆ. ಮಗು ದಿನಾ ನೋಡುತ್ತದೆ. ನೋಡುತ್ತಾ ನೋಡುತ್ತಾ ಯಾರ ಕಿವಿ ಹೇಗೆ, ಯಾರ ಕೆನ್ನೆಯ ಮೇಲೆ ಏನು, ಯಾರು ಮಳೆ ತರುವವರು, ಯಾರು ಹೆದರಿಸುವವರು ಅಂತ ಕಲಿಯುತ್ತದೆ. ಇನ್ನೂರಕ್ಕೂ ಹೆಚ್ಚು ಕಟ್ಸಿನಾಗಳಿವೆ. ನಮ್ಮ ಮಕ್ಕಳು ಯಕ್ಷಗಾನದ ಚೌಕಿಯಲ್ಲಿ ಕೂತು ಕಿರೀಟ ನೋಡಿಯೇ ಇದು ರಾಜವೇಷ, ಇದು ಬಣ್ಣದ ವೇಷ ಅಂತ ಕಲಿತ ಹಾಗೆ.

ಕೂಸುಗಳಿಗೆ ಸಿಗುವ ಮೊದಲ ಗೊಂಬೆ ಚಪ್ಪಟೆ. ಕೈಕಾಲು ಬಿಡಿಸಿರುವುದಿಲ್ಲ. ಒಂದು ಹಲಗೆಯ ತುಂಡಿನ ಮೇಲೆ ಮುಖ, ಮೈಗೆ ಬಣ್ಣ, ಅಷ್ಟೇ. ಸಾಮಾನ್ಯವಾಗಿ ಅದು ಹಹಾಯಿ ವೂಹ್ತಿ, ಎಲ್ಲ ಕಟ್ಸಿನಾಗಳ ತಾಯಿ. ಬಿಳಿ ಮುಖ, ಎರಡು ಕೆನ್ನೆಗೆ ಎರಡು ಕೆಂಪು ಬೊಟ್ಟು. ಉಳಿದವರು ಹೆಚ್ಚಾಗಿ ಮಾತಾಡದಿದ್ದರೆ ಈ ತಾಯಿ ಮಾತುಗಾತಿ. ಮಗು ಬೆಳೆದಂತೆ ಗೊಂಬೆಗೂ ಮೈ ತುಂಬುತ್ತದೆ, ಕೈಕಾಲು ಮೂಡುತ್ತವೆ.

ಹೀಗಿರುವಾಗ ‘ಪೂಜೆಯ ಗೊಂಬೆ’ ಅಂತ ಮಾರುವವರ ಮಾತು ಎಷ್ಟು ದೂರದ್ದು ನೋಡಿ.

ನವಾಹೊಗಳ ಕಥೆ ಬೇರೆ

ಹೋಪಿಗಳ ನೆಲವನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿರುವುದು ನವಾಹೊಗಳ ನೆಲ. ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ಭಾಷೆ ಬೇರೆ, ಕುರಿ ಸಾಕಣೆ, ಕಂಬಳಿ ನೇಯ್ಗೆ, ಬೆಳ್ಳಿ ಕೆಲಸಕ್ಕೆ ಹೆಸರಾದವರು. ಗಡಿ ತಕರಾರು ಹಳೆಯದು. 1974ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ನೆಲ ಹಂಚುವವರೆಗೂ ಹೋಗಿತ್ತು.

ನವಾಹೊಗಳ ಸಂಪ್ರದಾಯದಲ್ಲಿ ಕಟ್ಸಿನಾ ಇಲ್ಲ. ಅವರಿಗಿರುವುದು ‘ಯೇಯಿ’ ಅನ್ನುವ ದೈವಗಳು. ಚಳಿಗಾಲದಲ್ಲಿ ಒಂಬತ್ತು ರಾತ್ರಿ ನಡೆಯುವ ಒಂದು ಆಚರಣೆಯಲ್ಲಿ ಯೇಯಿಗಳು ಮೊಗ ತೊಟ್ಟು ಬರುತ್ತವೆ. ಅದು ಕಾಯಿಲೆ ಬಿದ್ದವರನ್ನು ಗುಣ ಮಾಡಲು. ಆಗ ನೆಲದ ಮೇಲೆ ಬಣ್ಣದ ಮರಳಿನಲ್ಲಿ ಮಂಡಲ ಬರೆದು, ಕೆಲಸ ಮುಗಿದ ಮೇಲೆ ಅಳಿಸಿಬಿಡುತ್ತಾರೆ. ನಾಗಮಂಡಲ ನೋಡಿದವರಿಗೆ ಆ ಅಳಿಸುವಿಕೆಯ ಅರ್ಥ ಹೇಳಬೇಕಾಗಿಲ್ಲ. ಆದರೆ ಮಗಳಿಗೆ ಗೊಂಬೆ ಕೊಡುವ ಪದ್ಧತಿ ಅಲ್ಲಿ ಇಲ್ಲ.

ಹಾಗಾದರೆ ‘ನವಾಹೊ ಕಚಿನಾ’ ಅಂತ ಅಂಗಡಿಗಳಲ್ಲಿ ತುಂಬಿರುವುದು ಏನು? ಮಾರಾಟಕ್ಕಾಗಿ ಹುಟ್ಟಿದ ಕಸುಬು. ಪ್ರವಾಸಿಗಳು ಕಚಿನಾ ಕೇಳುತ್ತಾರೆ, ಹೋಪಿ ಗೊಂಬೆ ದುಬಾರಿ, ಸಿಗುವುದೂ ಕಡಿಮೆ. ಕೆಲಸ ಬೇಕಾದ ನವಾಹೊ ಕುಟುಂಬಗಳು ಕಳೆದ ಕೆಲವು ದಶಕಗಳಲ್ಲಿ ಇದನ್ನು ಹಿಡಿದವು. ಹೋಪಿಗಳಿಗೆ ಇದರ ಬಗ್ಗೆ ಬೇಸರವಿದೆ. ನಮ್ಮ ಮನೆಯ ದೈವದ ಮುಖವನ್ನು ಪಕ್ಕದ ಊರಿನವರು ಅರ್ಥ ಗೊತ್ತಿಲ್ಲದೆ ಮಾಡಿ ಮಾರಿದರೆ ನಮಗೆ ಹೇಗಾಗುತ್ತದೆ? ಇನ್ನೊಂದು ಕಡೆ, ಹೊಟ್ಟೆಪಾಡಿಗೆ ಉಳಿ ಹಿಡಿದವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಗಂಧ ಸಿಗದೆ ಹೋದಾಗ ನಾವೂ ಬೇರೆ ಮರ ಹಿಡಿದವರೇ. ಶಿವನಿ ಮರದಲ್ಲಿ ಗಣಪತಿ ಕೆತ್ತಿ ಶಿವನಿ ಅಂತಲೇ ಮಾರಿದರೆ ಅದು ಕಸುಬು. ಅದಕ್ಕೇ ಗಂಧದೆಣ್ಣೆ ಸವರಿ ‘ಅಸಲಿ ಗಂಧ’ ಅಂದರೆ ಮೋಸ. ಇಲ್ಲೂ ನನ್ನ ಅಳತೆ ಅದೇ.

ಈಗ ಕೈಗೆ ತೆಗೆದುಕೊಳ್ಳಿ

ಮೊದಲು ಬುಡ. ಹೆಸರು, ಬುಡಕಟ್ಟು, ಕಟ್ಸಿನಾದ ಹೆಸರು ಬರೆದಿದೆಯೇ ನೋಡಿ. ಬುಡವೇ ಇಲ್ಲದಿದ್ದರೆ ಬೇಸರ ಬೇಡ, ಅದು ಒಳ್ಳೆಯ ಲಕ್ಷಣವೂ ಆಗಿರಬಹುದು. ಹಳೆಯ ಮಾದರಿಯ ಹೋಪಿ ಗೊಂಬೆಗೆ ಪೀಠ ಇರುವುದಿಲ್ಲ. ನಿಲ್ಲಿಸಲು ಹೋದರೆ ಬೀಳುತ್ತದೆ. ಅದು ನೇತು ಹಾಕುವ ಗೊಂಬೆ, ಕುತ್ತಿಗೆಯ ಹತ್ತಿರ ದಾರ ಇರುತ್ತದೆ. ಹಳೆಯದಕ್ಕೆ ಸಹಿಯೂ ಇಲ್ಲ. ಕಟ್ಸಿನಾ ಕೊಟ್ಟದ್ದಕ್ಕೆ ಮನುಷ್ಯ ಸಹಿ ಹಾಕುವುದು ಹೇಗೆ? ಹೊರಗಿನವರು ಕೊಳ್ಳಲು ಶುರುಮಾಡಿದ ಮೇಲೆ ಸಹಿ ಬಂತು. ಮೊದಮೊದಲು ಸಹಿ ಹಾಕಿದವರಲ್ಲಿ ಜಿಮ್ಮಿ ಕೆವಾನ್‌ವೈಟೆವಾ ಒಬ್ಬರು, ಫ್ಲ್ಯಾಗ್‌ಸ್ಟಾಫ್‌ನ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದವರು.

ಎರಡನೆಯದು ತೂಕ. ಹೋಪಿಗಳು ಕೆತ್ತುವುದು ಕಾಟನ್‌ವುಡ್ ಅನ್ನುವ ಮರದ ಬೇರನ್ನು. ಕಾಂಡವಲ್ಲ, ಬೇರು. ಒಣಗಿದ ಬೇರು ನನ್ನ ಕೈಗೆ ಬಂದಾಗ ನಾನು ಎರಡು ಸಲ ತೂಗಿ ನೋಡಿದೆ. ನಮ್ಮ ಹಾಲವಾಣಕ್ಕಿಂತ ಹಗುರ ಅನ್ನಿಸಿತು, ಅಜ್ಜನ ಬೆಂಡು ನೆನಪಾಯಿತು. ಉಗುರಿನಲ್ಲಿ ಗೀರಿದರೆ ಗುರುತು ಬೀಳುತ್ತದೆ. ನೀರು ಹುಡುಕಿಕೊಂಡು ನೆಲದಾಳಕ್ಕೆ ಹೋಗುವ ಬೇರು ಅದು. ಮಳೆ ಕೇಳುವ ಗೊಂಬೆಗೆ ಅದಕ್ಕಿಂತ ಸರಿಯಾದ ಮರ ಯಾವುದು? ನನ್ನ ಅಂಗಡಿ ಗೊಂಬೆ ಇದಕ್ಕೆ ಹೋಲಿಸಿದರೆ ಕಲ್ಲು.

ಮೂರನೆಯದು ಬಟ್ಟೆಬರೆ. ತುಪ್ಪಳ, ಚರ್ಮ, ಮಣಿ, ಬಣ್ಣ ಹಾಕಿದ ಗರಿ ಮೈತುಂಬ ಅಂಟಿಸಿದ್ದರೆ ಅದು ಹೆಚ್ಚಾಗಿ ಮಾರುಕಟ್ಟೆಯ ಗೊಂಬೆ, ಬಹುಮಟ್ಟಿಗೆ ನವಾಹೊ ಕೈ. ಒಳ್ಳೆಯ ಹೋಪಿ ಕೆಲಸದಲ್ಲಿ ಈಗ ಗರಿಯನ್ನೂ ಮರದಲ್ಲೇ ಕೆತ್ತುತ್ತಾರೆ. ಇದಕ್ಕೆ ಕಾರಣ ಕಾನೂನು. ವಲಸೆ ಹಕ್ಕಿಗಳ ಗರಿ ಮಾರುವಂತಿಲ್ಲ ಅಂತ 1918ರಲ್ಲೇ ಕಾಯ್ದೆ ಬಂತು, ಹದ್ದುಗಳಿಗೆ 1940ರಲ್ಲಿ ಬೇರೆ ಕಾಯ್ದೆ. ಅಂಥ ಹಕ್ಕಿಯ ಗರಿ ಅಂಟಿಸಿ ಮಾರಿದರೆ ಕೇಸು. ಹಾಗಾಗಿ ಮರದಲ್ಲೇ ಗರಿ ಮಾಡಿ, ಕಾದ ಸೂಜಿಯಂಥ ಉಪಕರಣದಿಂದ ಒಂದೊಂದು ಎಳೆಯನ್ನೂ ಸುಟ್ಟು ಬಿಡಿಸುತ್ತಾರೆ. ಕೆತ್ತನೆಗಾರನಾಗಿ ಹೇಳುತ್ತೇನೆ, ಆ ಕೆಲಸ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ನಾಲ್ಕನೆಯದು ಕೈ. ಹಳೆಯ ಮಾದರಿಯಲ್ಲಿ ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡಿರುತ್ತವೆ. ಕುಣಿತದ ಭಂಗಿ ಆಮೇಲೆ ಬಂದದ್ದು. ಈಚೆಗೆ ಹಳೆಯ ಮಾದರಿಗೇ ಮರಳಿದ ಹೋಪಿ ಕೆತ್ತನೆಗಾರರೂ ಇದ್ದಾರೆ, ಮಣ್ಣಿನ ಬಣ್ಣ, ಸುಣ್ಣದಂಥ ಬಿಳಿ ಮಣ್ಣಿನ ಮೊದಲ ಲೇಪ, ಎಲ್ಲ ಹಿಂದಿನಂತೆ. ನನ್ನ ಮನಸ್ಸು ಇದಕ್ಕೇ ವಾಲುತ್ತದೆ. ಕುಣಿಯುವ ಗೊಂಬೆ ನೋಡಿದ ಕೂಡಲೇ ಸುಸ್ತು ಮಾಡುತ್ತದೆ, ಸುಮ್ನೆ ನಿಂತದ್ದು ದಿನಾ ನೋಡಿದರೂ ಬೇಸರ ತರಿಸುವುದಿಲ್ಲ. ಇದು ನನ್ನ ರುಚಿ, ನಿಮ್ಮದು ಬೇರೆ ಇರಬಹುದು.

ಉದ್ದಕ್ಕೆ, ಸಣಕಲಾಗಿ, ಕೈಗಳು ಅಲ್ಲಾಡುವಂತೆ ಜೋಡಿಸಿ, ನಿಜವಾದ ಬಟ್ಟೆ ಉಡಿಸಿದ್ದರೆ ಅದು ಜೂನಿ ಅನ್ನುವ ಇನ್ನೊಂದು ಜನರದ್ದಾಗಿರಬಹುದು. ಅವರಲ್ಲೂ ಈ ಸಂಪ್ರದಾಯ ಗಟ್ಟಿಯಾಗಿದೆ.

ಮುಖ ಓದುವುದು

ಮುಖ ಬರಿಗಣ್ಣಿಗೆ ಮನುಷ್ಯನ ಮುಖದಂತೆಯೇ ಕಂಡರೆ, ಅಂದರೆ ಮೊಗವೇ ಇಲ್ಲದಿದ್ದರೆ, ಅದು ಕಟ್ಸಿನಾ ಅಲ್ಲ. ಹಾವಿನ ಕುಣಿತದವನು, ಚಿಟ್ಟೆ ಕುಣಿತದ ಹುಡುಗಿ, ಬೈಸನ್ ಕುಣಿತದವನು, ಇವರೆಲ್ಲ ಬೇರೆ ಕುಣಿತಗಳ ನರ್ತಕರು. ಅಂಗಡಿಯಲ್ಲಿ ಎಲ್ಲವೂ ಕಚಿನಾ. ನಾನು ತಂದದ್ದು ಕೊಂಬಿನ ಬೈಸನ್ ನರ್ತಕ, ನಮ್ಮ ಕಾಟಿಯ ದೂರದ ನೆಂಟ.

ಬಣ್ಣದಲ್ಲಿ ದಿಕ್ಕಿದೆ. ಹಳದಿ ವಾಯವ್ಯ, ನೀಲಿ ಅಥವಾ ಹಸಿರು ನೈರುತ್ಯ, ಕೆಂಪು ಆಗ್ನೇಯ, ಬಿಳಿ ಈಶಾನ್ಯ. ಕಪ್ಪು ಮೇಲಿನ ದಿಕ್ಕು. ಎಲ್ಲ ಬಣ್ಣ ಸೇರಿದರೆ ಕೆಳಗಿನದು. ಮೂಲೆಗಳು ಯಾಕೆ ಅಂತ ನನಗೂ ಮೊದಲು ಗೊಂದಲವಾಗಿತ್ತು. ವರ್ಷದ ಅತಿ ಉದ್ದದ ಮತ್ತು ಅತಿ ಗಿಡ್ಡ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ಜಾಗಗಳೇ ಅವರ ನಾಲ್ಕು ದಿಕ್ಕು. ಉತ್ತರಾಯಣ, ದಕ್ಷಿಣಾಯನ ಲೆಕ್ಕ ಹಾಕುವ ನಮಗೆ ಇದು ಹೊಸದೇನಲ್ಲ.

ಅರ್ಧಚಂದ್ರಗಳನ್ನು ಗುಂಪಾಗಿ ಪೇರಿಸಿ ಕೆಳಗೆ ಗೆರೆ ಎಳೆದಿದ್ದರೆ ಮೋಡ ಮತ್ತು ಮಳೆ. ಅಂಕುಡೊಂಕು ಗೆರೆ ಮಿಂಚು. ಪ್ರಾಣಿಯ ಹೆಜ್ಜೆ ಇದ್ದರೆ ಆ ಪ್ರಾಣಿಯ ಸಂಬಂಧ. ಕೊರಳ ಸುತ್ತ ಹಸಿರು ಉಲ್ಲನ್ ಸುತ್ತಿದ್ದರೆ ಅದು ನಿಜ ಕುಣಿತದಲ್ಲಿ ತೊಡುವ ಫರ್ ಮರದ ಸೊಪ್ಪು. ಬೆನ್ನಿಗೆ ನೇತಾಡುವುದು ನರಿಯ ಚರ್ಮ. ಬಲಗಾಲಿಗೆ ಕಟ್ಟಿದ್ದು ಆಮೆಯ ಚಿಪ್ಪಿನ ಗಿಲಕಿ. ಬಲಗೈಯಲ್ಲಿ ಸೋರೆಬುರುಡೆ ಗಿಲಕಿ.

ಮೊದಲು ಗುರುತು ಹಿಡಿಯಲು ಸುಲಭವಾದ ನಾಲ್ಕೈದು ಮುಖ ಹೇಳುತ್ತೇನೆ. ತಲೆಯ ಎರಡೂ ಬದಿಗೆ ಕಪ್ಪು ರೆಕ್ಕೆ, ಮುಖದ ನಡುವೆ ತಲೆಕೆಳಗಾದ ಕಪ್ಪು ತ್ರಿಕೋನ ಇದ್ದರೆ ಕಾಗೆ ತಾಯಿ. ಪೊವಾಮು ಹಬ್ಬದಲ್ಲಿ ಮೊಳಕೆಯ ಬುಟ್ಟಿ ಹಿಡಿದು ಬರುವವಳು, ತುಂಬ ದೊಡ್ಡ ಸ್ಥಾನದವಳು. ಕೆಮ್ಮಣ್ಣಿನ ಬಣ್ಣ, ತಲೆಯ ಮೇಲೆ ಗಡ್ಡೆಗಳಂಥ ಉಬ್ಬು, ದುಂಡು ಬಾಯಿ ಇದ್ದರೆ ಕೊಯೆಮ್ಸಿ. ಅವನು ಕೋಡಂಗಿಯೂ ಹೌದು, ಡೋಲು ಬಾರಿಸುವವನೂ ಹೌದು. ಮೈಗೆಲ್ಲ ಕಪ್ಪು ಬಿಳಿ ಪಟ್ಟೆ, ತಲೆಗೆ ಎರಡು ಪಟ್ಟೆ ಕೊಂಬು, ಕೈಯಲ್ಲಿ ಕಲ್ಲಂಗಡಿ ಇದ್ದರೆ ಕೊಶಾರೆ. ಹೊಟ್ಟೆಬಾಕ, ಗಲಾಟೆ ಮಾಡುವವನು, ಮಾಡಬಾರದ್ದನ್ನೆಲ್ಲ ಮಾಡಿ ತೋರಿಸಿ ಹೇಗಿರಬಾರದು ಅಂತ ಕಲಿಸುವವನು. ನಮ್ಮ ಮೇಳದ ಹಾಸ್ಯಗಾರನನ್ನು ನೆನೆಸಿಕೊಳ್ಳಿ. ಬಿಚ್ಚಿದ ಉದ್ದ ಕೂದಲು, ಇಳಿಬಿದ್ದ ಗಡ್ಡ ಇರುವವನು ಉದ್ದಗೂದಲ ಕಟ್ಸಿನಾ. ಆ ಕೂದಲೇ ಮಳೆ. ಹೊಡೆದು ಕೊಚ್ಚುವ ಮಳೆಯಲ್ಲ, ಸಣ್ಣಗೆ ಹನಿಯುವ ಜಿಟಿಜಿಟಿ ಮಳೆ. ಆಷಾಢದಲ್ಲಿ ನಮಗೆ ಶಾಪ ಅನ್ನಿಸುವುದು ಅಲ್ಲಿ ವರ.

ದೊಡ್ಡ ಬಾಯಿ, ಸಾಲು ಹಲ್ಲು, ಉಬ್ಬಿದ ಕಣ್ಣು, ಕೈಯಲ್ಲಿ ಗರಗಸ ಅಥವಾ ಕತ್ತಿ ಇದ್ದರೆ ಸೊಯೊಕೊ ಕುಟುಂಬ, ಹೋಪಿಗಳ ಗುಮ್ಮ. ಇದರ ಕಥೆ ನನಗೆ ಬಹಳ ಇಷ್ಟ. ಸೊಯೊಕೊಗಳು ಮೊದಲು ಮನೆಗೆ ಬಂದು ತಾಕೀತು ಮಾಡಿ ಹೋಗುತ್ತವೆ. ಹುಡುಗರು ಬೇಟೆಯಾಡಿ ಮಾಂಸ ಕೂಡಿಡಬೇಕು, ಹುಡುಗಿಯರು ಜೋಳ ಬೀಸಿಡಬೇಕು. ಕೆಲವು ದಿನ ಬಿಟ್ಟು ಮತ್ತೆ ಬರುತ್ತವೆ. ತುಂಟ ಮಗುವಿನ ತಪ್ಪುಗಳನ್ನೆಲ್ಲ ಎಣಿಸಿ, ಇವನನ್ನೇ ಕೊಂಡೊಯ್ಯುತ್ತೇನೆ ಅನ್ನುತ್ತವೆ. ಮನೆಯವರು ಮಗುವನ್ನು ಹಿಂದಕ್ಕೆಳೆದು, ಚೌಕಾಸಿ ಮಾಡಿ, ತಿನ್ನಲು ಕೊಟ್ಟು ಸಾಗಹಾಕುತ್ತಾರೆ. ಮಗುವಿಗೆ ಎರಡು ಪಾಠ ಒಟ್ಟಿಗೆ. ತಪ್ಪು ಮಾಡಿದರೆ ಲೆಕ್ಕ ಇಡುವವರಿದ್ದಾರೆ, ಏನೇ ಆದರೂ ಅಪ್ಪ ಅಮ್ಮ ಬಿಟ್ಟುಕೊಡುವುದಿಲ್ಲ. ನಮ್ಮ ಗುಮ್ಮ ಬರೀ ಹೆದರಿಸಿ ಹೋಗುತ್ತಿತ್ತು.

ಕೊಳ್ಳುವುದಾದರೆ

ಆತುರ ಬೇಡ. ಮೊದಲು ಮ್ಯೂಸಿಯಂಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ. ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂನಲ್ಲಿ ರಾಜಕಾರಣಿ ಬ್ಯಾರಿ ಗೋಲ್ಡ್‌ವಾಟರ್ ಕೊಟ್ಟ 437 ಗೊಂಬೆಗಳ ಸಂಗ್ರಹವೇ ಇದೆ. ನಾನು ಅಲ್ಲಿ ಒಂದು ಇಡೀ ದಿನ ಕಳೆದೆ. ಮೊಮ್ಮಗಳನ್ನು ಎತ್ತಿಕೊಂಡಿದ್ದ ಮಗಳು ಮೂರು ಸಲ ಬಂದು ಕರೆದು ಹೋದಳು.

ಅಂಗಡಿಯಲ್ಲಿ ಮೂರು ಪ್ರಶ್ನೆ ಸಾಕು. ಕೆತ್ತಿದವರು ಯಾರು, ಯಾವ ಬುಡಕಟ್ಟಿನವರು? ಇದು ಯಾವ ಕಟ್ಸಿನಾ? ಮರ ಯಾವುದು? ಉತ್ತರವನ್ನು ರಸೀದಿಯ ಮೇಲೆ ಬರೆದು ಕೊಡಿ ಅನ್ನಿ. ಬಾಯಲ್ಲಿ ಏನು ಬೇಕಾದರೂ ಹೇಳುವವರು ಪೆನ್ನು ಹಿಡಿದ ಕೂಡಲೇ ಮೆತ್ತಗಾಗುತ್ತಾರೆ. ಅದಕ್ಕೆ ಕಾರಣವಿದೆ. ಅಮೆರಿಕದಲ್ಲಿ 1990ರ ಒಂದು ಕಾಯ್ದೆಯ ಪ್ರಕಾರ ಮೂಲನಿವಾಸಿಗಳ ಕೆಲಸ ಅಂತ ಸುಳ್ಳು ಹೇಳಿ ಮಾರುವುದು ಅಪರಾಧ. ಒಂದು ಬುಡಕಟ್ಟಿನದ್ದನ್ನು ಇನ್ನೊಂದರದ್ದು ಅನ್ನುವುದೂ ಅದರಲ್ಲಿ ಬರುತ್ತದೆ. ಮೊದಲ ಸಲ ಸಿಕ್ಕಿಬಿದ್ದವನಿಗೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಈ ಕಾಯ್ದೆ ಆಗಲೇ ಗೊತ್ತಿದ್ದಿದ್ದರೆ ನನ್ನ ಹೆದ್ದಾರಿ ಅಂಗಡಿಯವನ ಮುಖ ನೋಡಬೇಕಿತ್ತು.

ಸಾಧ್ಯವಾದರೆ ಹೋಪಿ ಊರುಗಳಿಗೇ ಹೋಗಿ. ಫೀನಿಕ್ಸ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮೇಲೆ. ಮನೆ ಮುಂದೆ ಬೋರ್ಡು ಹಾಕಿಕೊಂಡ ಕೆತ್ತನೆಗಾರರಿದ್ದಾರೆ. ಒಬ್ಬರು ನನ್ನ ಅಂಗೈಯ ಗಂಟು ನೋಡಿದರು, ನಾನು ಅವರದ್ದು ನೋಡಿದೆ. ಆಮೇಲೆ ಅಳಿಯನ ತರ್ಜುಮೆ ಅಷ್ಟಾಗಿ ಬೇಕಾಗಲಿಲ್ಲ. ನಾನು ಕೊಂಡದ್ದು ಚಪ್ಪಟೆಯ ಹಹಾಯಿ ವೂಹ್ತಿ, ಗೇಣುದ್ದ ಕೂಡ ಇಲ್ಲ. ಅಂಗಡಿಯ ಬೈಸನ್‌ಗೆ ಕೊಟ್ಟದ್ದಕ್ಕಿಂತ ಕಡಿಮೆ ಆಯಿತು.

ಅಲ್ಲಿ ಹೋದರೆ ಫೋಟೋ ತೆಗೆಯಬೇಡಿ, ವಿಡಿಯೋ ಬೇಡ, ಕಾಗದದ ಮೇಲೆ ಚಿತ್ರ ಬರೆಯುವುದೂ ಬೇಡ. ಊರಿನಲ್ಲಿ ಇವೆಲ್ಲ ನಿಷಿದ್ಧ. ಅನೇಕ ಊರುಗಳಲ್ಲಿ ಕಟ್ಸಿನಾ ಕುಣಿತ ಹೊರಗಿನವರಿಗೆ ಮುಚ್ಚಿದೆ. ಕೇಳಿ, ಇಲ್ಲ ಅಂದರೆ ತಿರುಗಿ ಬನ್ನಿ. ಮೊಬೈಲ್ ಜೇಬಿನಲ್ಲೇ ಇರಲಿ ಅಂತ ಅಳಿಯನಿಗೆ ನಾನು ಹೇಳಬೇಕಾಯಿತು.

ಗೊಂಬೆ ಕೊಳ್ಳಬಹುದು, ಮೊಗ ಕೊಳ್ಳಬಾರದು. ಇದು ಗೆರೆ. ಕುಣಿತದಲ್ಲಿ ತೊಡುವ ಮೊಗಗಳನ್ನು ಹೋಪಿಗಳು ಜೀವ ಇರುವ ‘ಗೆಳೆಯರು’ ಅನ್ನುತ್ತಾರೆ. 2013ರಲ್ಲಿ ಪ್ಯಾರಿಸ್‌ನಲ್ಲಿ ಅವುಗಳನ್ನು ಹರಾಜಿಗಿಟ್ಟಾಗ ಹೋಪಿಗಳು ಕೋರ್ಟಿಗೆ ಹೋದರೂ ನಿಲ್ಲಲಿಲ್ಲ. ಡಿಸೆಂಬರ್‌ನ ಹರಾಜಿನಲ್ಲಿ ಅಮೆರಿಕದ ಆನೆನ್‌ಬರ್ಗ್ ಫೌಂಡೇಶನ್ ಗುಟ್ಟಾಗಿ ಬೆಲೆ ಕೂಗಿ 24 ವಸ್ತುಗಳನ್ನು ಕೊಂಡಿತು. 21 ಹೋಪಿಗಳಿಗೆ, ಉಳಿದ ಮೂರು ಅಪಾಚೆ ಅನ್ನುವ ಇನ್ನೊಂದು ಬುಡಕಟ್ಟಿಗೆ. ಕೊಂಡದ್ದು ಹಿಂದಿರುಗಿಸಲಿಕ್ಕೆ.

ಕೆತ್ತಿಕೊಡಿ ಅಂದವರು

ಊರಿಗೆ ಬಂದ ಮೇಲೆ ಒಬ್ಬರು ಫೋನ್ ಮಾಡಿದರು. ತೀರ್ಥಹಳ್ಳಿ ಕಡೆ ಹೋಂಸ್ಟೇ ಮಾಡುತ್ತಿದ್ದಾರಂತೆ, ವರಾಂಡಕ್ಕೆ ಹತ್ತು ಕಚಿನಾ ಬೇಕಂತೆ, ಮೊಬೈಲಿನಲ್ಲಿ ಚಿತ್ರ ಕಳಿಸುತ್ತಾರಂತೆ. ಮಳೆಗಾಲದ ಮೊದಲು ಕೈ ಖಾಲಿ ಇದ್ದ ಹೊತ್ತು, ಒಳ್ಳೆ ದುಡ್ಡು. ಒಂದು ರಾತ್ರಿ ಯೋಚಿಸಿದೆ. ಸಾಗರದ ಮಾರಿಯಮ್ಮನ ಮುಖವನ್ನು ಅರಿಜೋನಾದವನೊಬ್ಬ ಫೋಟೋ ನೋಡಿ ಕೆತ್ತಿ ಹೋಟೆಲಿಗೆ ಮಾರಿದರೆ ಅಂತ ಅನ್ನಿಸಿತು. ಬೆಳಿಗ್ಗೆ ಆಗುವುದಿಲ್ಲ ಅಂದೆ. ಯಕ್ಷಗಾನದ ಮುಖ ಮಾಡಿಕೊಡುತ್ತೇನೆ ಅಂದದ್ದಕ್ಕೆ ಅವರು ಅದು ಎಲ್ಲ ಕಡೆ ಇದೆ ಅಂದರು. ಮತ್ತೆ ಫೋನ್ ಬರಲಿಲ್ಲ.

ಒರೈಬಿಯ ಮುಖಂಡರಾಗಿದ್ದ ತವಾಕ್ವಾಪ್ಟೆವಾ ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದರು. ಹೊರಗಿನವರಿಗೆ ಮಾರಲು ಕೆತ್ತುವಾಗ ಒಬ್ಬರ ಕಿವಿ, ಇನ್ನೊಬ್ಬರ ಬಾಯಿ, ಮತ್ತೊಬ್ಬರ ಬಣ್ಣ ಬೇಕೆಂದೇ ಬೆರೆಸಿಬಿಡುತ್ತಿದ್ದರು. ಗೊಂಬೆ ಅವರದ್ದೇ, ಆದರೆ ಯಾವ ಕಟ್ಸಿನಾವೂ ಅಲ್ಲ. ಮಾರಾಟವೂ ಆಯಿತು, ಮರ್ಯಾದೆಯೂ ಉಳಿಯಿತು. ಈಗ ಅವನ್ನೇ ಸಂಗ್ರಹಕಾರರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಮನೆಯಲ್ಲಿ ಇಡುವುದು

ದೇವರ ಮನೆಯಲ್ಲಿ ಬೇಡ. ಹೆಂಡತಿ ಮೊದಲ ದಿನವೇ ಕುಂಕುಮ ಇಡಲು ಹೊರಟಿದ್ದಳು, ಪೌಡರ್ ಬಣ್ಣದ ಮೇಲೆ ಕುಂಕುಮ ಕೂತರೆ ಮತ್ತೆ ಹೋಗುವುದಿಲ್ಲ ಅಂದೆ, ಬಿಟ್ಟಳು. ದಸರಾ ಗೊಂಬೆಯ ಸಾಲಿನಲ್ಲಿ ಇಟ್ಟರೆ ತಪ್ಪಿಲ್ಲ ಅಂತ ನನ್ನ ಲೆಕ್ಕ, ಪಟ್ಟದ ಗೊಂಬೆಯ ಪಕ್ಕ ಬೇಡ, ಕೆಳಗಿನ ಮೆಟ್ಟಿಲಿನಲ್ಲಿ. ಬಂದವರು ಕೇಳಿದರೆ ಹೆಸರು ಹೇಳಲು ಬರಬೇಕು. ನವಾಹೊ ಗೊಂಬೆಯಾದರೆ ನವಾಹೊ ಅಂತಲೇ ಹೇಳಿ.

ನಮ್ಮ ಮಳೆ ಆ ಬೇರಿಗೆ ಶತ್ರು. ಮರಳುಗಾಡಿನ ಮರ, ಸ್ಪಂಜಿನಂತೆ ತೇವ ಕುಡಿಯುತ್ತದೆ. ಆರಿದ್ರೆ ಮಳೆ ಹಿಡಿದ ಮೇಲೆ ಗೋಡೆಗೆ ನೇತು ಹಾಕಿದ್ದು ಹದಿನೈದು ದಿನದಲ್ಲಿ ಬೂಸಲು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮಣ್ಣಿನ ಬಣ್ಣ ಬಟ್ಟೆಗೇ ಬರುತ್ತದೆ. ಒಣ ಮೆತ್ತನೆ ಬ್ರಷ್ ಸಾಕು. ಬಿಸಿಲಿಗಿಟ್ಟರೆ ಬೇರು ಸೀಳುತ್ತದೆ, ಒಲೆಯ ಅಟ್ಟದ ಮೇಲಿಟ್ಟರೆ ಹೊಗೆ ಕೂರುತ್ತದೆ. ವಾರ್ನಿಶ್ ಹೊಡೆಯುವ ಯೋಚನೆಯನ್ನಂತೂ ಮಾಡಬೇಡಿ. ಕುಟ್ಟೆ ಹುಳ ಹೊಕ್ಕಿತು ಅಂದರೆ ಗೊಂಬೆಯ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತದೆ. ದಿನಾ ಅಲ್ಲದಿದ್ದರೂ ವಾರಕ್ಕೊಮ್ಮೆ ಕೆಳಗೆ ಕೈಯಾಡಿಸಿ ನೋಡಿ.

ನಾನು ಮಾಡುವುದು ಇಷ್ಟು. ಮಳೆ ಕೂತ ಮೇಲೆ ಗೊಂಬೆಯನ್ನು ಹಳೇ ಮಲ್ಲು ಪಂಚೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಚಪ್ಪಲಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣ ನಾಲ್ಕು, ಬಟ್ಟೆಯಲ್ಲಿ ಕಟ್ಟಿದ ಒಂದು ಚೂರು ಬಜೆ ಬೇರು, ಎರಡೂ ಗೊಂಬೆಗೆ ತಾಗದಂತೆ. ಬೈಸನ್ ಮಾತ್ರ ಟಿವಿ ಪಕ್ಕದಲ್ಲೇ ಇದೆ, ತುಪ್ಪಳದಲ್ಲಿ ಸ್ವಲ್ಪ ಬೂಸಲಿದೆ, ಅದರ ಮೇಲೂ ಈಗ ಸಿಟ್ಟಿಲ್ಲ.

ಹಹಾಯಿ ವೂಹ್ತಿಯನ್ನು ಡಬ್ಬಿಗೆ ಹಾಕುವುದು ಜುಲೈಯಲ್ಲಿ, ಅಲ್ಲಿ ಕಟ್ಸಿನಾಗಳು ಬೆಟ್ಟಕ್ಕೆ ಹೊರಡುವ ಹೊತ್ತಿಗೇ. ಫೀನಿಕ್ಸ್‌ನಿಂದ ಮೊಮ್ಮಗಳು ವಿಡಿಯೋ ಕಾಲ್ ಮಾಡಿ ‘ಅಜ್ಜ, ಗೊಂಬೆ ಎಲ್ಲಿ?’ ಅಂದರೆ, ಹೆಂಡತಿ ಖಾಲಿ ಮೊಳೆ ತೋರಿಸಿ ‘ಊರಿಗೆ ಹೋಗಿದ್ದಾಳೆ ಪುಟ್ಟೀ, ನವರಾತ್ರಿಗೆ ಬರ್ತಾಳೆ’ ಅನ್ನುತ್ತಾಳೆ.